ದೊರೆಸಾನಿಯ ಒಳಕುಪ್ಪಸ

“ಮದುಮಗಳ ಒಳಲಂಗ ಹೊಲಿ ಅಂದ್ರೆ ಗೋಣಿಚೀಲ ಹೊಲಿದಿಟ್ಟಿದ್ದೀಯಲ್ಲ, ಬೇವರ್ಸಿ! ಬಿಚ್ಚಿ ಪುನಃ ಹೊಲಿ!”

ಯಜಮಾನಿ ಜಾನಿಸ್ ಎಸೆದ ಲಂಗ ನನ್ನ ತಲೆಯ ಮೇಲೆ ಬಿತ್ತು. ಬಿಳಿ ಲೇಸಿನೊಳಗೆ ನಾನೇ ಮದುಮಗಳಂತೆ ಕಂಡಿರಬೇಕು. ಹಲ್ಲು ಎರಡು ಕಡಿಮೆ, ಅಷ್ಟೇ.

ಜಾನಿಸ್ ಮಂಗಳೂರಿನವಳು. ನೂರೈವತ್ತು ವರ್ಷದ ಹಿಂದೆ ದೊರೆಸಾನಿಯರು ಮದುವೆಗೆ ತೊಡುತ್ತಿದ್ದಂಥ ಒಳಉಡುಪನ್ನು ಅರಬರ ನಾಡಿನ ಮುಐದರ್‌ನ ವಿಲ್ಲಾದಲ್ಲಿ ಕೂತು ಫೋನಿನಲ್ಲೇ ಮಾರುತ್ತಾಳೆ. ಮಿಷನ್ ಮುಟ್ಟುವಂತಿಲ್ಲ, ಎಲ್ಲ ಕೈಹೊಲಿಗೆ. ಕೈ ಮಾತ್ರ ನನ್ನದು, ಗದಗ ಕಡೆಯ ಹೊನ್ನವ್ವನದು. ಅಡುಗೆ ಕೆಲಸ ಅಂತ ಕರೆಸಿಕೊಂಡಿದ್ದಳು. ನನ್ನ ಮದುವೆಯಲ್ಲಿ ಸೀರೆಯೊಳಗೆ ಉಟ್ಟಿದ್ದು ಹಿಟ್ಟಿನ ಚೀಲದ ಲಂಗ. ಬಗ್ಗಿದರೆ ಹಿಂದೆ ಗಿರಣಿಯ ಹೆಸರು ಓದಬಹುದಿತ್ತು.

“ಬಾಯಾರ, ಚಂದ್ರಿಕಾಗ ದಿನ ತುಂಬ್ಯಾವ್ರೀ. ಮಗಳ ಚೊಚ್ಚಲ ಹೆರಿಗಿ. ಅಳಿಯಾ ಟಿಕೆಟ್ ತಗದಾನ, ಇವತ್ತ ಸಂಜೀಕ ಇಮಾನ. ಪಾಸ್‌ಪೋರ್ಟ್ ಕೊಡ್ರೀ.”

“ಮದುವೆ ಸೀಸನ್ ಉಂಟು, ಗೊತ್ತುಂಟಲ್ಲ? ನೀನಿಲ್ಲದಿದ್ರೆ ಅವಳು ಹೆರುದಿಲ್ವಾ? ಪಾಸ್‌ಪೋರ್ಟ್ ಮಾಫಿ, ಇಲ್ಲ ಅಂದ್ರೆ ಇಲ್ಲ, ಖಲಾಸ್! ಬಾ, ವಿಡಿಯೋ ಮಾಡ್ಲಿಕ್ಕುಂಟು. ಕಾರ್ಸೆಟ್ ಕಟ್ಟು.”

ಕಾರ್ಸೆಟ್ ಅಂದರೆ ಸೊಂಟ ಹಿಂಡುವ ಒಳಕುಪ್ಪಸ. ಸುತ್ತ ಉಕ್ಕಿನ ಪಟ್ಟಿ, ಬೆನ್ನಿನಲ್ಲಿ ದಾರ. ತೊಟ್ಟವಳ ಕೈ ಗಂಟಿಗೆ ಎಟುಕುವುದಿಲ್ಲ. ಜಾನಿಸ್ ಅದನ್ನೂ ಒಳಲಂಗವನ್ನೂ ತೊಟ್ಟು ಕನ್ನಡಿಯೆದುರು ನಿಂತಳು.

“ಇನ್ನೂ ಎಳಿ ಮಾರಾಯ್ತಿ, ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ ನಿಂದು?”

ಎಳೆದೆ. ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದೆ. ಆ ರಭಸಕ್ಕೆ ಅಲ್ ವಕ್ರಾದ ಸಮುದ್ರ ಒಂದು ಮಾರು ಹಿಂದೆ ಸರಿಯಿತು ಅಂದರೆ ನೀವು ನಂಬುವುದಿಲ್ಲ, ಬೇಡ ಬಿಡಿ. ಏಳು ಗಂಟು ಹಾಕಿದೆ. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಸಾಕು, ಉಸಿರು ಕಟ್ತದೆ. ಬಿಚ್ಚು!”

“ಕಪಾಟಿನ ಕೀಲಿ ಎಲ್ಲೈತ್ರೀ?”

“ಏಯ್! ಪೊಲೀಸಿಗೆ ಹೇಳ್ತೇನೆ!”

“ಹೇಳ್ರೀ. ನನ್ನ ಪಾಸ್‌ಪೋರ್ಟ್ ನಿಮ್ಮ ಕಪಾಟಿನ್ಯಾಗ ಯಾಕ ಕುಂತೈತಿ ಅಂತ ಅವರೂ ಕೇಳ್ಲಿ. ಅಲ್ಲೀತನಕ ನಾ ಚಾ ಕುಡೀತೀನಿ.”

ಅರ್ಧ ಲೋಟ ಮುಗಿಯುವಷ್ಟರಲ್ಲಿ ಅವಳ ಮುಖ ಬದನೆಕಾಯಿಯಾಯಿತು.

“ದಿಂಬಿನ ಅಡಿ ಉಂಟು… ತಕ್ಕೊಂಡು ಸಾಯಿ!”

ಪಾಸ್‌ಪೋರ್ಟ್ ಸಿಕ್ಕಿತು. ಫೋಟೋದಲ್ಲಿ ನಾನು ಕೋಳಿ ಕದ್ದವಳ ಹಾಗೇ ಇದ್ದೆ. ಗೇಟು ದಾಟಿದೆ. ಜಾನಿಸ್ ಬಾಗಿಲವರೆಗೆ ಬಂದಳು, ಒಳಲಂಗದಲ್ಲಿ ಬೀದಿಗಿಳಿಯುವಂತಿರಲಿಲ್ಲ.

“ಗಂಟು ಬಿಚ್ಚಿ ಹೋಗು ಮಾರಾಯ್ತಿ!”

“ನಿಮ್ಮ ಸಾಹೇಬ್ರು ಮೆಸಯೀದ್‌ದಿಂದ ಡ್ಯೂಟಿ ಮುಗಿಸಿ ಬರ್ತಾರಲ್ರೀ, ಬಿಚ್ಚತಾರ. ನನ್ನ ಕೈ ಖಾಲಿ ಇಲ್ಲ.”

ಸುಳ್ಳು ಹೇಳಲಿಲ್ಲ. ಒಂದು ಕೈಯಲ್ಲಿ ಪಾಸ್‌ಪೋರ್ಟ್ ಇತ್ತು. ಇನ್ನೊಂದನ್ನು ಟ್ಯಾಕ್ಸಿಗೆ ಎತ್ತಿದ್ದೆ.