ಗಡಹಿಂಗ್ಲಜ ಕಂಡಿತು, ಅವ್ವ ಕಾಣಲಿಲ್ಲ

ನಮ್ಮ ಮಹಾಗಾಂವದ ಓಣಿ ಮೊದಲೇ ಇಕ್ಕಟ್ಟು. ಗಾಡಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿವೆ. ಎದುರು ಮನೆಯ ಶ್ರೀಪಾಲನೂ ಚಪ್ಪಟೆ ಮೂತಿಯ ಹಳೇ ವ್ಯಾನ್ ಮಾರಿ, ಆನೆಯಂಥ ಎಸ್‌ಯುವಿ ತಂದ. ಪೂಜೆಯ ದಿನ ಆರತಿ ಹಿಡಿದು ಅದರ ಸುತ್ತ ತಿರುಗಿದ್ದೇ ತಿರುಗಿದ್ದು!

"ಬಾಳಕ್ಕಾ, ಒಮ್ಮೆ ಮ್ಯಾಲ ಕುಂತ ನೋಡ್ರಿ. ಗಡಹಿಂಗ್ಲಜ ಪ್ಯಾಟಿ ತನಕಾ ಕಾಣ್ತದ!" ಎಂದ ನನಗೆ.

"ಮೂತಿ ಮುಂದಿನ ನೆಲಾ ಕಾಣ್ತದೇನೋ?"

"ಕ್ಯಾಮೆರಾ ಐತಿ ಬಿಡ್ರಿ."

ಕ್ಯಾಮೆರಾ ಇದ್ದದ್ದು ಹಿಂದೆ.

ಮೊನ್ನೆ ಬೆಳಿಗ್ಗೆ ಅವನ ತಾಯಿ ಜಿನಮತಿ ಗಾಡಿಯ ಮುಂದೆಯೇ ಕೂತು ರಂಗೋಲಿ ಹಾಕುತ್ತಿದ್ದಳು. ಅಂಗಳದಲ್ಲಿ ಉಳಿದಿದ್ದ ಜಾಗ ಅಷ್ಟೇ. ಮೊಣಕಾಲು ನೋವು, ಥಟ್ಟನೆ ಏಳಲಾರಳು. ಶ್ರೀಪಾಲ ಹಿಂದಿನಿಂದ ಬಂದು ಹತ್ತಿದ, ಮುಂದೆ ನೋಡಿದ, ಗಾಡಿ ಬಿಟ್ಟ.

"ಅಯ್ಯಯ್ಯೋ! ನಿಲ್ಲಸೋ!" ಎಂದು ನಮ್ಮ ಕಟ್ಟೆಯಿಂದಲೇ ಚೀರಿದೆ. ಸೊಸೆ ರುಪಾಲಿ ಓಡಿಬಂದು ಅತ್ತೆಯ ರಟ್ಟೆ ಹಿಡಿದು ಎಳೆದಳು. ಗಾಡಿ ನಿಂತಿತು. ರಂಗೋಲಿ ಬಟ್ಟಲು ಗಾಲಿಯ ಕೆಳಗೆ ಅಪ್ಪಚ್ಚಿ!

"ದೇವರಾಣಿ, ನೋಡೇ ಗಾಡಿ ಬಿಟ್ಟೀನ್ರಿ. ಯಾರೂ ಇರಲಿಲ್ಲ!" ಎಂದ ಇಳಿದು ಬಂದ ಶ್ರೀಪಾಲ. ಮುಖ ಬಿಳಿಚಿತ್ತು.

ರುಪಾಲಿ ಕೀಲಿ ಕಸಿದುಕೊಂಡು ಅವನನ್ನು ಮತ್ತೆ ಸೀಟಿನಲ್ಲಿ ಕೂರಿಸಿದಳು. ನೀರಿನ ಕೊಡವನ್ನು ಗಾಡಿಯ ಮುಂದಿಟ್ಟಳು.

"ಕಾಣ್ತದೇನ್ರಿ?"

"ಇಲ್ಲ."

ಇನ್ನಷ್ಟು ಮುಂದೆ ಸರಿಸಿದಳು. "ಈಗರೆ?"

"ಇಲ್ಲ ಮಾರಾಯ್ತಿ!"

ಕೊಡ ನಮ್ಮ ಮನೆಯ ಕಟ್ಟೆಗೆ ಬಂದ ಮೇಲೆ ಕಂಡಿತು.

"ಮೂತಿ ಎತ್ತರಾದಷ್ಟೂ ಮುಂದಿನ ನೆಲಾ ಮರ್ಯಾಗ ಹೋಗ್ತದ್ರಿ," ಎಂದಳು ರುಪಾಲಿ. "ಹಳೇ ವ್ಯಾನ್‌ನ್ಯಾಗ ಹಿಂಗ ಇರಲಿಲ್ಲ. ಈಗ ಇಷ್ಟ ಜಾಗಾದಾಗ ಓಣಿ ಹುಡುಗೂರೆಲ್ಲಾ ಆಡಾಕತ್ತಿದ್ರೂ ನಿಮಗ ಕಾಣಂಗಿಲ್ಲ."

ಜಿನಮತಿ ಅಳುತ್ತಲೇ ಅಂದಳು: "ಗಡಹಿಂಗ್ಲಜ ಕಾಣ್ತದಂತ! ಎದುರಿಗೆ ಕುಂತ ಹಡದವ್ವ ಕಾಣಲಿಲ್ಲೇನೋ ನಿನಗ?"

ಶ್ರೀಪಾಲ ಇಳಿದು ಬಂದು ತಾಯಿಯ ಕಾಲು ಹಿಡಿದ.

"ಕಾಲ ಬಿಡು. ಪೂಜಾ ದಿನಾ ಗಾಡಿ ಸುತ್ತಿದ್ಯಲ್ಲ, ಇನ್ನ ದಿನಾ ಸುತ್ತು. ಆಮ್ಯಾಲ ಹತ್ತು."

ಈಗ ಅವನು ದಿನಾ ಗಾಡಿ ಸುತ್ತುತ್ತಾನೆ, ಮುಂದೆ ಬಗ್ಗಿಯೂ ನೋಡುತ್ತಾನೆ.

ದೊಡ್ಡ ಗಾಡಿ ತಂದವರೇ, ನೀವೂ ಹತ್ತುವ ಮುನ್ನ ಒಂದು ಸುತ್ತು ಹಾಕಿ. ನಮ್ಮ ಓಣಿಯಲ್ಲಿ ಬಟ್ಟಲು ಹೋಯಿತು, ಜೀವ ಉಳಿಯಿತು. ನಿಮ್ಮ ಓಣಿಯಲ್ಲಿ ಚೀರಲು ನಾನಿರುವುದಿಲ್ಲ.