ಅಂಗನವಾಡಿ ಬಾಗಿಲಲ್ಲಿ ತಿದ್ದುಪಡಿ

"ಕಲ್ಯಾಣದುರ್ಗದ ಅಂಗನವಾಡಿಯ ಪಂಪಮ್ಮ ಮಕ್ಕಳ ಮೊಟ್ಟೆ ಮಾರಿಕೊಂಡದ್ದನ್ನು ಐದೂ ಪತ್ರಿಕೆಗಳು ದೃಢಪಡಿಸಿವೆ" ಎಂದು ಭೀಮೇಶ್ ಆಂಧ್ರದ ಗಡಿಯ ಹಿಂದೂಪುರದ ವಿಚಾರಸಂಕಿರಣದಲ್ಲಿ ಹಳೆಯ ತುಣುಕುಗಳನ್ನು ತೋರಿಸಿದಾಗ ಉಮಾದೇವಿಗೆ ಮೈಯೆಲ್ಲ ಉರಿಯಿತು. ಅವನ ಸಂಶೋಧನೆಗೆ ಅವಳೇ ಮಾರ್ಗದರ್ಶಕಿ. ಹತ್ತು ವರ್ಷ ಇದೇ ಹಿಂದೂಪುರದಲ್ಲಿ ವರದಿಗಾರ್ತಿಯಾಗಿದ್ದು, ಆಮೇಲೆ ಮಾಧ್ಯಮದ ಬಗ್ಗೆ ಪಿಎಚ್.ಡಿ. ಮಾಡಿ ಪ್ರೊಫೆಸರ್ ಆದವಳು. ಸಭೆ ಚಪ್ಪಾಳೆ ತಟ್ಟಿತು.

ಐದು ಪತ್ರಿಕೆಯಂತೆ, ಐದು! ಈ ಕಡೆ ವರದಿಗಾರರಲ್ಲಿ ಒಬ್ಬರು ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಉಳಿದವರು ತಲೆಬರಹ ಬದಲಿಸಿ ತಂತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಮೊಟ್ಟೆ ಸುದ್ದಿಯ ದಿನ ಬರೆಯುವ ಸರದಿ ಉಮಾದೇವಿಯದು. ಯಾರೋ ಫೋನಿನಲ್ಲಿ ಹೇಳಿದ್ದನ್ನೇ ಬರೆದಳು. ಬಸ್ಸು ಹತ್ತಿ ಹೋಗಿ ಕೇಳಲು ಮಹಾತಾಯಿಗೆ ಪುರುಸೊತ್ತಿರಲಿಲ್ಲ. ಆ ತಿಂಗಳು ಮೊಟ್ಟೆಯೇ ಬಂದಿರಲಿಲ್ಲವೆಂದು ವಿಚಾರಣೆಯಲ್ಲಿ ಗೊತ್ತಾಗಿ ಪಂಪಮ್ಮನಿಗೆ ಹೋಗಿದ್ದ ಕೆಲಸ ಮರಳಿ ಸಿಕ್ಕಿತು. ಅದನ್ನು ಮಾತ್ರ ಯಾರೂ ಅಚ್ಚು ಹಾಕಲಿಲ್ಲ. ಊರಿಗೆ ಅವಳು ಇವತ್ತಿಗೂ ಮೊಟ್ಟೆ ಕದ್ದವಳೇ.

ಮರುದಿನ ಬೆಳಿಗ್ಗೆ ಉಮಾದೇವಿ ಕಲ್ಯಾಣದುರ್ಗದಲ್ಲಿ ಇಳಿದಳು. ಪಂಪಮ್ಮ ಅಂಗನವಾಡಿಯ ಬಾಗಿಲು ಗುಡಿಸುತ್ತಿದ್ದಳು.

"ಬನ್ನಿ ಮೇಡಂ, ಏನಾಗ್ಬೇಕಿತ್ತು?"

"ಆ ಮೊಟ್ಟೆ ಸುದ್ದಿ ಬರೆದೋಳು ನಾನೇ ಕಣಮ್ಮ. ನಿಮ್ಮನ್ನ ಕೇಳ್ದೇನೇ ಬರೆದೆ. ಈಗ ಪತ್ರಿಕೆಗಳ ಬಗ್ಗೆ ನಾನು ಬರೀತಿರೋ ಪುಸ್ತಕದಲ್ಲಿ ನಿಜ ಹೇಳ್ತೀನಿ. ನಿಮ್ಮ ಹೆಸರು ಹಾಕಲ್ಲ."

ಪಂಪಮ್ಮ ಪೊರಕೆ ಬಿಸಾಡಿದಳು. "ಸುಳ್ಳು ಬರೆಯೋವಾಗ ಹೆಸರು ಹಾಕಿದ್ಯಲ್ಲ. ನಿಜಕ್ಕೆ ಬ್ಯಾಡ್ವಾ?"

ಉಮಾದೇವಿ ಪೊರಕೆ ಎತ್ತಿ ಗೋಡೆಗೆ ಒರಗಿಸಿದಳು.

"ನನ್ ಮಗಳ ಮದ್ವೇಲಿ ಬೀಗ್ರು ಅದೇ ಮಾತು ತೆಗ್ದು ಕುಣಿದ್ರು ಕಣೇ! ನಿನ್ ಪುಸ್ತಕ ಈ ಊರ್ನಾಗೆ ಯಾರು ಓದ್ತಾರೆ?"

ಮಕ್ಕಳನ್ನು ಬಿಡಲು ತಾಯಂದಿರು ಬರತೊಡಗಿದ್ದರು. ಪಂಪಮ್ಮ ಉಮಾದೇವಿಯ ರಟ್ಟೆ ಹಿಡಿದು ಅವರ ಮುಂದೆ ಎಳೆದು ನಿಲ್ಲಿಸಿದಳು.

"ಹೇಳು. ತೆಲುಗುನಾಗೆ ಹೇಳು, ಎಲ್ಲರ್ಗೂ ತಿಳೀಲಿ."

ದೇಶದ ತುಂಬ ಭಾಷಣ ಮಾಡಿ ಬಂದವಳು ತೊದಲಿದಳು. ಆ ಸುದ್ದಿ ಬರೆದವಳು ತಾನೆಂದು, ವಿಚಾರಿಸದೆ ಬರೆದೆನೆಂದು ಹೇಗೋ ಹೇಳಿದಳು.

"ಅಷ್ಟೇನಾ? ನಾನು ಕದೀಲಿಲ್ಲ ಅನ್ನು."

"ಪಂಪಮ್ಮ ಕದೀಲಿಲ್ಲ" ಎಂದು ಉಮಾದೇವಿ ತೆಲುಗಿನಲ್ಲೇ ಹೇಳಿದಳು. ತಾಯಂದಿರು ಅವಳನ್ನು ಬಿಟ್ಟು ಪಂಪಮ್ಮನ ಮುಖ ನೋಡಿದರು.

ರಸ್ತೆಯ ತಿರುವಿನಲ್ಲಿ ಇನ್ನಿಬ್ಬರು ಹೆಂಗಸರು ಮಕ್ಕಳ ಕೈಹಿಡಿದು ಬರುತ್ತಿದ್ದರು. ಪಂಪಮ್ಮ ಹಿಡಿದ ರಟ್ಟೆ ಬಿಡಲಿಲ್ಲ.

"ತಡಿ, ಅವ್ರೂ ಬರ್ಲಿ. ಆಮ್ಯಾಕೆ ಇನ್ನೊಂದ್ ಸಲ ಹೇಳು" ಎಂದಳು.