ಕಾಗೆಗಳು ಆರಿಸಿದ ಚೀಲ

ಬೆಟ್ಟದ ಮೇಲಿನ ಹದಿನಾಲ್ಕು ಮನೆಗಳಿಗೂ ಕಾಗೆಗಳಿಗೂ ನಡೆಯುತ್ತಿದ್ದ ಯುದ್ಧದಲ್ಲಿ ಆ ವಸಂತದ ಹೊತ್ತಿಗೆ ಕಾಗೆಗಳ ಕೈ ಮೇಲಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಪ್ರತಿ ಮನೆಯವರೂ ಅಡುಗೆಮನೆಯ ಸುಡುವ ಕಸದ ಚೀಲವನ್ನು ಬೀದಿ ಮೂಲೆಯ ಕಂಬದ ಬುಡದಲ್ಲಿ ಇಡಬೇಕು. ಎಂಟೂವರೆಗೆ ಲಾರಿ ಬಂದು ಒಯ್ಯುತ್ತದೆ. ಲಾರಿ ಬರುವಷ್ಟರಲ್ಲಿ ಕಾಗೆಗಳು ಬೀದಿಯುದ್ದಕ್ಕೂ ಕಸವನ್ನು ಹರವಿಟ್ಟು ಹೋಗಿರುತ್ತಿದ್ದವು.

ಬಡಾವಣೆಯ ಸಂಘ ಕೈಕಟ್ಟಿ ಕೂತಿರಲಿಲ್ಲ. ಎರಡು ವರ್ಷದ ಹಿಂದೆ ಮೊದಲು ನೀಲಿ ಬಲೆ ಹೊದಿಸಿದರು. ಕಾಗೆಗಳು ಅಂಚು ಎತ್ತಿದವು. ಅಂಚಿಗೆ ಸರಪಳಿ ಹೊಲಿಸಿದರು. ಬಲೆಯ ಕಣ್ಣಿನಲ್ಲೇ ಕೊಕ್ಕು ತೂರಿಸಿದವು. ಕಾಗೆಗೆ ಹಳದಿ ಬಣ್ಣ ಆಗದು ಎಂದು ಯಾರೋ ಎಲ್ಲೋ ಓದಿಕೊಂಡು ಬಂದರು. ಹಳದಿ ಬಲೆ ಬಂತು. ಹೊಳೆದು ಹೆದರಿಸಲೆಂದು ಹಳೆಯ ಸಿ.ಡಿ.ಗಳು ಬಂದವು. ಕೊನೆಗೆ ತಲೆಕೆಳಗಾಗಿ ತೂಗುವ ಪ್ಲಾಸ್ಟಿಕ್ ಕಾಗೆಯ ಹೆಣವೂ ಬಂತು. ಎರಡನೆಯ ವಾರದಿಂದ ಕಾಗೆಗಳು ಅದರ ಮೇಲೆ ಕೂತು ತಮ್ಮ ಸರದಿಗೆ ಕಾಯತೊಡಗಿದವು. ಪ್ರತಿ ಸಭೆಯೂ ಒಂದು ಹೊಸ ಮದ್ದು ಬರೆದುಕೊಟ್ಟು ಮುಗಿಯುತ್ತಿತ್ತು. ರೋಗಿಯ ನಾಡಿ ಹಿಡಿದವರು ಯಾರೂ ಇರಲಿಲ್ಲ.

ಏಪ್ರಿಲ್ ಸಭೆಯಲ್ಲಿ ಸಂಘದ ಅಧ್ಯಕ್ಷ ಉಜಿಹಾರಾ ಕೊನೆಯ ಮದ್ದು ಹೇಳಿದ. ಅವನು ಪುರಸಭೆಯ ನಿವೃತ್ತ ಗುಮಾಸ್ತ. ಕಡತ ಮುಚ್ಚುವುದೆಂದರೆ ಅವನಿಗೆ ಊಟದಷ್ಟೇ ಇಷ್ಟ. ಈ ಮೂಲೆಯನ್ನೇ ರದ್ದು ಮಾಡೋಣ, ಎಲ್ಲರೂ ಮೆಟ್ಟಿಲಿಳಿದು ಕೆಳಗಿನ ರಸ್ತೆಯ ಕಬ್ಬಿಣದ ಪಂಜರಕ್ಕೆ ಹಾಕೋಣ ಎಂದ. ಮೆಟ್ಟಿಲು ಅರವತ್ತೆರಡು. ಯಾರೂ ನಿಶಿಗಾಕಿ ಹತ್ಸುವಿನ ಕಡೆ ನೋಡಲಿಲ್ಲ, ಅಂದರೆ ಎಲ್ಲರಿಗೂ ಅವಳದೇ ಯೋಚನೆ. ಎಂಬತ್ತನಾಲ್ಕರ ಆ ವಿಧವೆ ತನ್ನ ಮನೆಯ ನಾಲ್ಕು ಮೆಟ್ಟಿಲನ್ನೇ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಳು.

"ಹಾಗಾದ್ರೆ ನನ್ನನ್ನೂ ಒಂದು ಚೀಲಕ್ಕೆ ಹಾಕಿ ಕಟ್ಟಿಬಿಡಿ, ಉಜಿಹಾರಾ ಅವರೇ," ಎಂದಳು ಹತ್ಸು. "ಸುಡೋ ಕಸದ ದಿನ ಇಡೋದಾ, ಮುರಿದ ದೊಡ್ಡ ಸಾಮಾನು ಒಯ್ಯೋ ದಿನ ಇಡೋದಾ, ಅದನ್ನ ಮಾತ್ರ ಹೇಳಿ."

ನಾವು ಹೊತ್ತು ಹಾಕುತ್ತೇವೆ ಎಂದು ನಾಲ್ಕೈದು ಜನ ಮುಂದೆ ಬಂದರು. ತನ್ನ ಮನೆಯ ಕಸ ಇನ್ನೊಬ್ಬರ ಕೈಗೆ ಕೊಡುವವಳು ತಾನಲ್ಲ ಎಂದು ಅವಳು ಖಡಾಖಂಡಿತ ಹೇಳಿಬಿಟ್ಟಳು. ಆಗ ಅವಳ ಪಕ್ಕದ ಮನೆಯ ಕುವಾಬಾರಾ ತೆತ್ಸುಝೋ ಎದ್ದು, ಎರಡು ವಾರ ಸಮಯ ಕೊಡಿ, ಕಾರಣ ಹುಡುಕಿ ಕೊಡುತ್ತೇನೆ ಎಂದ. ಎರಡು ವಾರ ಸಿಕ್ಕಿತು. ಹುಡುಕದಿದ್ದರೆ ಮೆಟ್ಟಿಲು.

ಕುವಾಬಾರಾ ಮೂವತ್ತೆಂಟು ವರ್ಷ ಬ್ರೇಕ್ ಬಿಡಿಭಾಗದ ಕಾರ್ಖಾನೆಯಲ್ಲಿ ದೋಷ ಹಿಡಿಯುವ ವಿಭಾಗದಲ್ಲಿದ್ದವನು. ಕೆಟ್ಟ ಮಾಲು ಬಂದರೆ ತಪಾಸಣೆಗೆ ಇನ್ನೊಬ್ಬನನ್ನು ನೇಮಿಸಬಾರದು, ಯಾಕೆ ಅಂತ ಕೇಳಬೇಕು. ಬಂದ ಉತ್ತರಕ್ಕೂ ಯಾಕೆ ಅನ್ನಬೇಕು. ಹೀಗೆ ಐದು ಸಲ. ಇದು ಅಲ್ಲಿಯ ಪಾಠ. ಅದಕ್ಕೆ ಅವನು ತನ್ನದೊಂದು ಬಾಲ ಸೇರಿಸಿದ್ದ: ಕಾರಣದ ಜಾಗದಲ್ಲಿ ಮನುಷ್ಯನ ಹೆಸರು ಬರೆದ ವರದಿಗೆ ಕೆಂಪು ಗೀಟು ಎಳೆದು ವಾಪಸು ಕಳಿಸುತ್ತಿದ್ದ. ಹೆಸರು ಸಿಕ್ಕ ಕೂಡಲೆ ಜನ ಹುಡುಕುವುದನ್ನು ನಿಲ್ಲಿಸುತ್ತಾರೆ ಎಂಬುದು ಅವನ ಅನುಭವ. ಕೈಕೆಳಗಿನವರು ಬೆನ್ನ ಹಿಂದೆ ಅವನನ್ನು 'ಯಾಕಪ್ಪ' ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಅವನು ಯಾವತ್ತೂ ಏನನ್ನೂ ಕೇಳಿದವನಲ್ಲ. ಮನೆ ಸರಿಯಾಗಿ ನಡೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನೋಟುಪುಸ್ತಕ ಹಿಡಿದು ಕಂಬದಿಂದ ಹತ್ತು ಹೆಜ್ಜೆ ದೂರ ನಿಂತ. ಏಳು ಕಾಗೆ ಬಂದವು. ಹದಿನಾಲ್ಕು ಚೀಲಗಳಲ್ಲಿ ಹದಿಮೂರನ್ನು ಅವು ಕಣ್ಣೆತ್ತಿಯೂ ನೋಡಲಿಲ್ಲ. ಅಡಿಯಲ್ಲಿದ್ದ ಒಂದನ್ನು ಎಳೆದು ತೆಗೆದು ಹರಿದವು. ಮಿಕ್ಕವುಗಳಲ್ಲಿ ಕೆಲವು ಆ ಎಳೆದಾಟದಲ್ಲಿ ಒಡೆದು ಚೆಲ್ಲಿದವು. ಮಂಗಳವಾರವೂ ಹಾಗೆಯೇ. ಎರಡು ವರ್ಷದಿಂದ ಸಂಘ ಬಲೆಯ ವಿಚಾರ ಮಾಡಿತ್ತು, ಚೀಲದ ವಿಚಾರ ಮಾಡಿರಲಿಲ್ಲ.

ಆ ಬೀದಿಯ ಮರ್ಯಾದಸ್ಥರು ಯಾರೂ ಮಾಡದ ಕೆಲಸವನ್ನು ಅವನು ಆಗ ಮಾಡಿದ. ಕುಕ್ಕರಗಾಲಲ್ಲಿ ಕೂತು, ಹರಿದ ಚೀಲವನ್ನು ಇನ್ನಷ್ಟು ಅಗಲಿಸಿ ಒಳಗೆ ಇಣುಕಿದ. ಕೆಂಪು ಮಿಸೊದ ಸೋಯಾ ಗೊಜ್ಜಿನಲ್ಲಿ ಬೇಯಿಸಿದ ಬಂಗುಡೆ ಮೀನು, ಮೂರು ತುಂಡು. ಬಾಯಿ ಇಟ್ಟ ಗುರುತೂ ಇಲ್ಲ. ತೊಗಲಿನ ಮೇಲೆ ಓರೆಯಾಗಿ ಎರಡು ಸೀಳು, ಮೇಲೆ ದಾರದಂತೆ ಹೆಚ್ಚಿದ ಶುಂಠಿ. ಒಂದು ಗೀರು ನೋಡಿ ಅದು ಯಾವ ಯಂತ್ರದ್ದು, ಯಾರ ಪಾಳಿಯದ್ದು ಎಂದು ಹೇಳಬಲ್ಲವನಿಗೆ ಈ ಸೀಳು ಯಾರ ಕೈಯದೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಅದು ಅವನ ಹೆಂಡತಿ ಸುಮಿಎಯ ಕೈ. ಆದರೆ ಅವನ ಮನೆಯ ಚೀಲ ಎಡಗಡೆ ಕಟ್ಟಿದ ಗಂಟಿನೊಂದಿಗೆ ಹಾಗೇ ಇತ್ತು.

ಅಷ್ಟರಲ್ಲಿ ಹತ್ಸು ಪೊರಕೆ ಹಿಡಿದು ಅಡ್ಡಡ್ಡ ಇಳಿದು ಬಂದಳು. ಕಸ ಚೆಲ್ಲಿದ ದಿನ ಮೊದಲು ಗುಡಿಸಲು ಬರುವವಳು ಅವಳೇ. ಅದನ್ನು ಎಲ್ಲರೂ ಅವಳ ದೊಡ್ಡತನವೆಂದೇ ತಿಳಿದಿದ್ದರು.

"ಇದು ನಿಮ್ಮ ಚೀಲಾನಾ?" ಎಂದ ಕುವಾಬಾರಾ.

"ಚೀಲ ನಂದು," ಎಂದಳು ಮುದುಕಿ. "ಮೀನು ನಿಮ್ಮದು."

ಚಿಕ್ಕಂದಿನಿಂದಲೂ ಬಂಗುಡೆ ತಿಂದರೆ ಅವಳಿಗೆ ಮೈಯೆಲ್ಲ ದದ್ದು. ಎರಡು ವರ್ಷದ ಹಿಂದೆ ಒಂದು ಸಂಜೆ ಸುಮಿಎ ಡಬ್ಬಿಯಲ್ಲಿ ಒಂದು ತುಂಡು ತಂದುಕೊಟ್ಟಳು. ಡಬ್ಬಿ ತೊಳೆದು ಹಿಂದಿರುಗಿಸಬೇಕು, ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ. ಹತ್ಸು ಎರಡು ಕಿತ್ತಳೆ ಇಟ್ಟು ಕೊಟ್ಟಳು. ಅಜ್ಜಿಗೆ ಮೀನು ಬಹಳ ಹಿಡಿಸಿತೆಂದು ತಿಳಿದು ಸುಮಿಎ ಮುಂದಿನ ಸಲ ಎರಡು ತುಂಡು ತಂದಳು. ನಾಚಿಕೆಯಾಗಿ ಹತ್ಸು ಸಿಹಿ ತರಿಸಿ ಕೊಟ್ಟಳು. ತುಂಡು ಮೂರಾದವು.

"ನಾನು ಕೊಟ್ಟಷ್ಟೂ ಅವಳು ಕೊಡ್ತಾಳೆ, ಅವಳು ಕೊಟ್ಟಷ್ಟೂ ನಾನು ಕೊಡ್ತೀನಿ. ಮಧ್ಯ ಕಾಗೆ ದಪ್ಪ ಆಗ್ತಾ ಇದೆ."

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಬಿಸಿಬಿಸಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳಪ್ಪ, ಮುಖ ಅರಳಿಸ್ಕೊಂಡು. ನೀನಾದ್ರೆ ಹೇಳ್ತಿದ್ಯಾ?"

ಕುವಾಬಾರಾ ನೋಟುಪುಸ್ತಕ ಮಡಚಿದ. ಮೂರು 'ಯಾಕೆ' ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಇಬ್ಬರು ಹೆಂಗಸರಿಗೂ ಬುದ್ಧಿ ಹೇಳಿ ವರದಿ ಬರೆಯುತ್ತಿದ್ದರು. ಆದರೆ ವಾರಕ್ಕೆರಡು ಸಲ ಮೂರು ತುಂಡು ಮೀನು ಮಿಕ್ಕುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಅವನು ಹೊರಗೆ ಹೋಗಬೇಕಾಗಿರಲಿಲ್ಲ. ಸುಮಿಎ ಐದು ತುಂಡು ಮಾಡುತ್ತಾಳೆ. ಅವನು ಎರಡು ತಿನ್ನುತ್ತಾನೆ, ಕಷ್ಟದಿಂದ. ಎರಡು ವರ್ಷದ ಹಿಂದೆ ನಿವೃತ್ತನಾಗುವವರೆಗೆ ಉಳಿದದ್ದು ಮರುದಿನದ ಬುತ್ತಿಗೆ ಹೋಗುತ್ತಿತ್ತು. ಬುತ್ತಿಯಿಂದ ಅದು ಯಾರ ಹೊಟ್ಟೆಗೆ ಹೋಗುತ್ತಿತ್ತೆಂಬುದು ಅವನಿಗೂ ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬ ಗೆಳೆಯನಿಗೂ ಮಾತ್ರ ಗೊತ್ತು.

ಗುರುವಾರ ಸಂಜೆ ಅವಳು ಡಬ್ಬಿ ತೆಗೆಯುತ್ತಿದ್ದಾಗ, ಇಷ್ಟೊಂದು ಮೀನು ಯಾಕೆ ಮಾಡುತ್ತೀ ಎಂದು ಅವನು ಕೇಳಿದ. ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ಆ ಮನೆಯಲ್ಲಿ ಅದು ಅವನ ಮೊದಲ 'ಯಾಕೆ'.

"ನಿಮಗಿಷ್ಟ ಅಂತ," ಎಂದಳು ಸುಮಿಎ.

"ಯಾರು ಹೇಳಿದ್ದು?"

"ನೀವೇ. ಮದುವೆಯಾದ ವಾರ. ರುಚಿಯಾಗಿದೆ ಅಂದ್ರಿ."

ಅಂದಿದ್ದ. ಹೊಸ ಹೆಂಡತಿ ಸೌಟು ಹಿಡಿದು ಎದುರಿಗೆ ನಿಂತಿದ್ದಳು. ಬೇರೆ ಏನು ಅನ್ನುವುದು? ಐದನೆಯ 'ಯಾಕೆ'ಯ ಉತ್ತರ ಅದು, ಅದರ ಕೆಳಗೆ ಅಗೆಯಲು ಮಣ್ಣಿರಲಿಲ್ಲ. ಅವನು ತನಗೆ ಆ ಮೀನು ಸೇರುವುದಿಲ್ಲ, ಆಗಲೂ ಸೇರುತ್ತಿರಲಿಲ್ಲ ಎಂದು ಹೇಳಿದ. ಹತ್ಸುವಿನ ದದ್ದು, ಕಾಗೆ, ಎಲ್ಲವನ್ನೂ ಹೇಳಿದ.

ಸುಮಿಎ ಡಬ್ಬಿಯ ಮುಚ್ಚಳ ಮುಚ್ಚಿದಳು.

"ನಾನು ಇದನ್ನ ತಿಂದಿದ್ದು ಯಾವತ್ತಾದ್ರೂ ನೋಡಿದೀರಾ?"

ಅವನು ಮೇಜಿನ ಆ ಬದಿಗೆ ನೋಡಿದ. ಅನ್ನ, ಒಂದು ಮೊಟ್ಟೆ, ಮೂಲಂಗಿ ಉಪ್ಪಿನಕಾಯಿ. ಸೋಮವಾರ ಗುರುವಾರ ಯಾವಾಗಲೂ ಅದೇ ಇದ್ದಿರಬೇಕು. ಆ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲವಂತೆ. ಪಾತ್ರೆ ತೊಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳಂತೆ. ಕೂದಲೆಳೆಯ ಗೀರು ಕಾಣುತ್ತಿದ್ದ ಕಣ್ಣಿಗೆ ಎದುರಿನ ತಟ್ಟೆ ಕಂಡಿರಲಿಲ್ಲ. ಒಟ್ಟಿನಲ್ಲಿ ಆ ಮೀನನ್ನು ಮನಸಾರೆ ಮೆಚ್ಚಿದವು ಕಾಗೆಗಳು ಮಾತ್ರ.

 ಪಾತ್ರೆಯಲ್ಲಿದ್ದ ಐದೂ ತುಂಡನ್ನು ಅವನು ಒಬ್ಬನೇ ತಿಂದು ಮುಗಿಸಿದ. ತಿನ್ನೆಂದು ಯಾರೂ ಹೇಳಿರಲಿಲ್ಲ. ಮಲಗುವ ಮೊದಲು ಸುಮಿಎ ಒಂದು ಮಾತು ಹೇಳಿದಳು: "ಸಭೇಲಿ ಅಜ್ಜಿ ಹೆಸರು ಬರಬಾರದು. ಬಂದ್ರೆ ಅವರು ನಾಳೆಯಿಂದ ಬಾಗಿಲು ತೆಗೆಯಲ್ಲ."

ಶುಕ್ರವಾರ ಕಾಗೆಗಳು ಬಂದವು, ಕೂತವು, ಹದಿನಾಲ್ಕು ಚೀಲವನ್ನೂ ಮೂಸಿ ನೋಡಿ ಹೋದವು. ಭಾನುವಾರದ ಸಭೆಯಲ್ಲಿ ಉಜಿಹಾರಾ ಅಷ್ಟಕ್ಕೇ ಒಪ್ಪಲಿಲ್ಲ. ಒಂದು ದಿನ ಬಾರದಿದ್ದರೆ ಮತ್ತೊಂದು ದಿನ ಬರುತ್ತವೆ. ಕಾರಣವೇನು, ಕಾರಣವಿಲ್ಲದೆ ಮೆಟ್ಟಿಲಿನ ನಿರ್ಣಯ ಕೈಬಿಡಲಾಗದು ಎಂದ. ಹತ್ಸು ಚಾಪೆಯನ್ನೇ ನೋಡುತ್ತ ಕೂತಿದ್ದಳು.

"ಕಾರಣ ಕುವಾಬಾರಾ ತೆತ್ಸುಝೋ," ಎಂದು ಕುವಾಬಾರಾ ತಾನೇ ಎದ್ದು ಹೇಳಿದ. "ಅಡುಗೆ ಮಾಡಿದ ಮೀನು ಕಸಕ್ಕೆ ಬರೋ ಹಾಗೆ ಮಾಡಿದ್ದು ನಾನು. ಇನ್ನು ಬರಲ್ಲ."

ಕೋಣೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ಹೆಸರು ಸಿಕ್ಕಿತ್ತು. ಎಂಥ ಮೀನು, ಯಾಕೆ, ಹೇಗೆ ಎಂದು ಯಾರೂ ಕೇಳಲಿಲ್ಲ. ಕಾರ್ಖಾನೆಯಾಗಿದ್ದರೆ ಇಂಥ ವರದಿಗೆ ಅವನೇ ಕೆಂಪು ಗೀಟು ಎಳೆಯುತ್ತಿದ್ದ. ಉಜಿಹಾರಾ ಅದನ್ನು ಅಂದವಾಗಿ ಬರೆದುಕೊಂಡು, ಆರು ತಿಂಗಳು ಬಲೆ ಮಡಿಸುವ ಕೆಲಸ ಕುವಾಬಾರಾ ಮನೆಗೆ ಎಂದು ಗೊತ್ತುಮಾಡಿ, ಮೆಟ್ಟಿಲಿನ ನಿರ್ಣಯ ಹೊಡೆದುಹಾಕಿ ಕಡತ ಮುಚ್ಚಿದ. ಹತ್ಸುವಿನ ಭುಜ ಅಲುಗುತ್ತಿತ್ತು. ಅವಳು ಅಳುತ್ತಿದ್ದಾಳೆಂದು ಪಕ್ಕದವರು ಕರವಸ್ತ್ರ ಕೊಟ್ಟರು. ಅವಳು ಅದರಲ್ಲಿ ಮುಖ ಮುಚ್ಚಿ ಇನ್ನಷ್ಟು ನಕ್ಕಳು.

ಸೋಮವಾರ ಸುಮಿಎ ಕೋಳಿ ಬೇಯಿಸಿದಳು. ಅವನು ಊಟಕ್ಕೆ ಬರುವಷ್ಟರಲ್ಲಿ ಡಬ್ಬಿ ತುಂಬಿ ಬಟ್ಟೆ ಕಟ್ಟುತ್ತಿದ್ದಳು. ಅಜ್ಜಿಗೆ ಇದು ಸೇರುತ್ತದೆಯೋ ಇಲ್ಲವೋ ಕೇಳಿದೆಯಾ ಎಂದ. ಅದನ್ನೆಲ್ಲ ಯಾರಾದರೂ ಕೇಳುತ್ತಾರೆಯೇ ಎಂದಳು ಅವಳು. ಅವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಕೇಳಿದ.

ಹತ್ಸು ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು.

"ಕೋಳಿ ಆಗತ್ತೆ," ಎಂದಳು. "ಕ್ಯಾರೆಟ್ ಆಗಲ್ಲ."

ಆಮೇಲೆ ಹೊಸ್ತಿಲಲ್ಲೇ ಕೂತು, ಊಟದ ಕಡ್ಡಿಗಳಿಂದ ಒಂದೊಂದೇ ಕ್ಯಾರೆಟ್ ಚೂರನ್ನು ಆರಿಸಿ ಮುಚ್ಚಳಕ್ಕೆ ಹಾಕತೊಡಗಿದಳು. ಕುವಾಬಾರಾ ಮುಚ್ಚಳ ಹಿಡಿದು ನಿಂತಿದ್ದ.